ಎಣ್ಣೆಗೆ ಬಿಡದ ಸೇಬಿನ ಫ್ರಿಟರ್: ಐದು ಭಾನುವಾರಗಳ ದಾಖಲೆ

ಆಗಸ್ಟ್ ಕೊನೆಯ ವಾರ ಮೈಸೂರಿನ ದೇವರಾಜ ಮಾರುಕಟ್ಟೆಯ ಹಣ್ಣಿನ ಸಾಲಿಗೆ ಹಿಮಾಚಲದ ಹೊಸ ಸೇಬು ಬರತೊಡಗಿದಾಗ, ನಮ್ಮ ಕುವೆಂಪುನಗರದ ಮನೆಯಲ್ಲಿ ಎಣ್ಣೆಯ ಬಾಣಲೆ ಅಟ್ಟ ಸೇರಿ ಮೂರು ತಿಂಗಳಾಗಿತ್ತು. ಕರಿದದ್ದು ಏನು ತಿಂದರೂ ಅಮ್ಮನಿಗೆ ರಾತ್ರಿಯಿಡೀ ಎದೆಯುರಿ ಬರುತ್ತಿತ್ತು. ಪಾಂಡವಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದು, ಹಬ್ಬ ಬಂತೆಂದರೆ ಕಜ್ಜಾಯ, ಕರಿಗಡುಬು, ಚಕ್ಕುಲಿಗಳನ್ನು ಡಬ್ಬಿಗಟ್ಟಲೆ ಕರಿದು ಬೀದಿಗೆಲ್ಲ ಹಂಚಿದವರು ಅವರು. ಅಂಥವರು ಸಂಜೆಯ ಕಾಫಿಗೆ ಒಣ ರಸ್ಕ್ ಅದ್ದಿಕೊಂಡು ಕೂರುವುದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು. ಹಿಂದೆ ಕೆಲಸದ ನಿಮಿತ್ತ ಎರಡು ವರ್ಷ ಅಮೆರಿಕದಲ್ಲಿದ್ದಾಗ ಅಲ್ಲಿನ ಡೋನಟ್ ಅಂಗಡಿಗಳಲ್ಲಿ ಸೇಬಿನ ಫ್ರಿಟರನ್ನು ಬಹಳ ಇಷ್ಟಪಟ್ಟು ತಿಂದಿದ್ದೆ. ಅದನ್ನು ಎಣ್ಣೆಗೆ ಬಿಡದೆ ಓವನ್ನಿನಲ್ಲಿ ಬೇಯಿಸಿ ಅಮ್ಮನ ತಟ್ಟೆಗೆ ಹಾಕಬೇಕೆಂದು ಆಗ ಹೊರಟವನು ಐದು ಭಾನುವಾರ ಮಾಡಿದ ಕೆಲಸದ ದಾಖಲೆ ಇದು.

ಫ್ರಿಟರನ್ನು ನೋಡದವರಿಗೆ ಅದರ ರೂಪವನ್ನು ಮೊದಲು ಹೇಳಬೇಕು. ಅಂಗೈಯಗಲದ, ಉಬ್ಬುತಗ್ಗುಗಳಿಂದ ಕೂಡಿದ, ಯಾವ ಅಚ್ಚಿನಲ್ಲೂ ಕೂರದ ಆಕಾರ ಅದರದು. ಹಿಟ್ಟಿನ ಸಣ್ಣ ತುಂಡುಗಳೂ ಸೇಬಿನ ತುಂಡುಗಳೂ ಒಂದಕ್ಕೊಂದು ಅಂಟಿಕೊಂಡು ಗುಡ್ಡೆಯಾಗಿರುತ್ತವೆ. ಉಬ್ಬಿದ ಕಡೆ ಗಾಢ ಕಂದು ಬಣ್ಣ ಬಂದು ಗರಿಗರಿಯಾಗಿರುತ್ತದೆ. ತಗ್ಗಿನಲ್ಲಿ ಸಕ್ಕರೆಯ ಲೇಪ ನಿಂತಿರುತ್ತದೆ. ಬಾಳೆಕಾಯಿ ಬಜ್ಜಿಯಂತೆ ಸೇಬಿನ ಬಿಲ್ಲೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಇನ್ನೊಂದು ಬಗೆಯೂ ಇದೆ, ಅದಕ್ಕೂ ಫ್ರಿಟರ್ ಎಂದೇ ಹೆಸರು. ಆ ಹೆಸರಿನ ಬೇರು ಲ್ಯಾಟಿನ್ನಿನಲ್ಲಿ ಹುರಿಯುವುದು, ಕರಿಯುವುದು ಎಂಬ ಅರ್ಥದ ಕ್ರಿಯಾಪದದಲ್ಲಿದೆ. ಕರಿಯದ ಫ್ರಿಟರಿಗೆ ಆ ಹೆಸರು ಸಲ್ಲುತ್ತದೆಯೇ ಎಂದು ಯಾರಾದರೂ ಕೇಳಿದರೆ ಸಲ್ಲುವುದಿಲ್ಲ ಎಂದೇ ಒಪ್ಪುತ್ತೇನೆ. ಆದರೆ ಹೊರಗೆ ಗರಿ, ಒಳಗೆ ಮೃದು, ಸೇಬಿನ ತುಂಡು ತುಂಡಾಗಿಯೇ ಬಾಯಿಗೆ ಸಿಗಬೇಕು ಎಂಬ ಮೂರು ಗುಣಗಳನ್ನು ಉಳಿಸಿಕೊಂಡರೆ ನನ್ನ ಉದ್ದೇಶಕ್ಕೆ ಸಾಕಾಗಿತ್ತು.

ಮೊದಲ ಭಾನುವಾರದ್ದು ಬೇಗ ಮುಗಿಯುವ ಕತೆ. ಈಸ್ಟ್ ಬೇಡ, ಬೇಕಿಂಗ್ ಪೌಡರ್ ಸಾಕು ಎಂದುಕೊಂಡು ಮೈದಾ, ಮೊಸರು, ಸಕ್ಕರೆ, ಬೆಣ್ಣೆ ಸೇರಿಸಿ ಬೋಂಡಾ ಹಿಟ್ಟಿನ ಹದಕ್ಕೆ ಕಲಸಿ, ಹೆಚ್ಚಿದ ಸೇಬನ್ನು ಬೆರೆಸಿ, ತಟ್ಟೆಯ ಮೇಲೆ ಚಮಚದಿಂದ ಗುಡ್ಡೆ ಹಾಕಿ ಓವನ್ನಿಗಿಟ್ಟೆ. ಕಾದ ಎಣ್ಣೆಗೆ ಬಿದ್ದ ಹಿಟ್ಟಿಗೆ ಕ್ಷಣದಲ್ಲಿ ಸುತ್ತಲೂ ಪದರ ಕಟ್ಟಿಕೊಂಡು ಆಕಾರ ನಿಲ್ಲುತ್ತದೆ. ಓವನ್ನಿನ ತಣ್ಣನೆಯ ತಟ್ಟೆಯ ಮೇಲೆ ಅದನ್ನು ಹಿಡಿದಿಡುವುದು ಯಾವುದೂ ಇರಲಿಲ್ಲ. ಗುಡ್ಡೆಗಳೆಲ್ಲ ಹರಡಿ ಒಂದಕ್ಕೊಂದು ಕೂಡಿಕೊಂಡವು. ಅಮ್ಮ ಒಂದು ತುಂಡು ತಿಂದು, "ಚೆನ್ನಾಗದೆ ಕನ ಮಗ, ಆದ್ರೆ ಇದು ಕೇಕು" ಎಂದರು. ಅವರ ಮಾತು ನಿಜವಾಗಿತ್ತು. ಅಂದಿನಿಂದ ಈಸ್ಟಿನ ಹಿಟ್ಟಿನ ದಾರಿಯನ್ನೇ ಹಿಡಿದೆ.

ಎರಡನೆಯ ಪ್ರಯತ್ನಕ್ಕೆ ಮುಂಚೆ ಓವನ್ನನ್ನು ಪರೀಕ್ಷಿಸಿದ್ದು ಈ ಇಡೀ ಕೆಲಸದಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತವಾದ ಸಂಗತಿ. ನಮ್ಮದು 28 ಲೀಟರಿನ, 1500 ವಾಟ್‌ನ ಹಳೆಯ ಓಟಿಜಿ, ಎಂದರೆ ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ವಿದ್ಯುತ್ ಒಲೆ. ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಒಂದನ್ನು ತಂದು, ತಿರುಗುಗುಂಡಿಯನ್ನು 200 ಡಿಗ್ರಿಗಿಟ್ಟು ಇಪ್ಪತ್ತೈದು ನಿಮಿಷ ಕಾದು ನೋಡಿದರೆ ಒಳಗೆ ಇದ್ದದ್ದು 170 ಡಿಗ್ರಿ ಮಾತ್ರ. ಇಷ್ಟು ವರ್ಷ ಬ್ರೆಡ್ಡು ಬಿಳಿಚಿಕೊಂಡಾಗಲೆಲ್ಲ ಹಿಟ್ಟನ್ನು ದೂರುತ್ತಿದ್ದೆ. ಗುಂಡಿಯ ಸುತ್ತ ಬಿಳಿ ಟೇಪು ಅಂಟಿಸಿ, ಪ್ರತಿ ಇಪ್ಪತ್ತು ಡಿಗ್ರಿಗೊಮ್ಮೆ ನಿಜವಾದ ಬಿಸಿಯನ್ನು ಅಳೆದು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಇಲ್ಲಿಂದ ಮುಂದೆ ನಾನು ಹೇಳುವ ಡಿಗ್ರಿಗಳೆಲ್ಲ ಥರ್ಮಾಮೀಟರ್ ತೋರಿಸಿದವು, ಗುಂಡಿಯ ಮೇಲೆ ಅಚ್ಚಾದವಲ್ಲ. ಇನ್ನೂ ಒಂದು ಸಂಗತಿ ಗಮನಕ್ಕೆ ಬಂತು. ಮನೆಯ ವಿದ್ಯುತ್ ಮೀಟರಿನಲ್ಲಿ ಸರದಿಯಂತೆ ಮೂಡುವ ಅಂಕಿಗಳಲ್ಲಿ ವೋಲ್ಟೇಜ್ ಕೂಡ ಇರುತ್ತದೆ; ಸಂಜೆ ಏಳು ಗಂಟೆಗೆ ಅದು 204ಕ್ಕೆ ಇಳಿದಿತ್ತು. ಕಾಯುವ ಸರಳು ಕೊಡುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230ರ ಜಾಗದಲ್ಲಿ 204 ಇದ್ದರೆ 1500 ವಾಟ್‌ನ ಓವನ್ ಸುಮಾರು 1180 ವಾಟ್‌ಗೆ ಕುಸಿಯುತ್ತದೆ. ಕೊನೆಗೆ ಬೇಕಾದ ಬಿಸಿ ಏರುತ್ತದಾದರೂ, ಬಾಗಿಲು ತೆಗೆದಾಗ ಕಳೆದುಕೊಂಡ ಬಿಸಿಯನ್ನು ಮರಳಿ ಪಡೆಯಲು ಬಹಳ ಹೊತ್ತು ಹಿಡಿಯುತ್ತದೆ. ಫ್ರಿಟರಿಗೆ ಮೊದಲ ಐದು ನಿಮಿಷವೇ ಮುಖ್ಯವಾದ್ದರಿಂದ ಬೇಯಿಸುವ ಕೆಲಸವನ್ನು ಬೆಳಗಿನ ಹತ್ತು ಗಂಟೆಗೆ ಬದಲಿಸಿದೆ.

ಹಿಟ್ಟಿನ ಅಳತೆ ಎರಡನೆಯ ವಾರ ನಿಂತದ್ದು ಕೊನೆಯವರೆಗೂ ಬದಲಾಗಲಿಲ್ಲ. ಎಂಟು ಫ್ರಿಟರಿಗೆ ಮೈದಾ 300 ಗ್ರಾಂ, ಬೆಚ್ಚಗಿನ ಹಾಲು 165 ಗ್ರಾಂ, ಗಟ್ಟಿ ಮೊಸರು 40 ಗ್ರಾಂ, ಸಕ್ಕರೆ 40 ಗ್ರಾಂ, ಮೆತ್ತಗಾದ ಬೆಣ್ಣೆ 45 ಗ್ರಾಂ, ಇನ್‌ಸ್ಟಂಟ್ ಈಸ್ಟ್ 5 ಗ್ರಾಂ, ಉಪ್ಪು 5 ಗ್ರಾಂ. ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲವಾದ್ದರಿಂದ ಮೃದುತ್ವಕ್ಕೆ ಮೊಸರನ್ನು ನಂಬಿಕೊಂಡೆ. ಬೆಣ್ಣೆಯನ್ನು ಮೊದಲೇ ಹಾಕಬಾರದು. ಉಳಿದದ್ದನ್ನೆಲ್ಲ ಕಲಸಿ ಹತ್ತು ನಿಮಿಷ ಬಿಟ್ಟು, ಅನಂತರ ಬೆಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಹತ್ತು ನಿಮಿಷ ನಾದಬೇಕು. ಮೊದಲು ಕೈಗೆಲ್ಲ ಮೆತ್ತಿಕೊಳ್ಳುವ ಹಿಟ್ಟು ಕೊನೆಗೆ ಒಬ್ಬಟ್ಟಿನ ಕಣಕದಂತೆ ನಯವಾಗಿ, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಹದಕ್ಕೆ ಬರುತ್ತದೆ. ಅಂಟುತ್ತದೆ ಎಂದು ನಡುವೆ ಒಣ ಹಿಟ್ಟು ಸುರಿಯುವ ಆಸೆಯನ್ನು ತಡೆದುಕೊಳ್ಳಬೇಕು, ಏಕೆಂದರೆ ಗಟ್ಟಿ ಹಿಟ್ಟಿನ ಫ್ರಿಟರ್ ಓವನ್ನಿನಲ್ಲಿ ಬನ್ನಿನಂತೆ ಒಣಗುತ್ತದೆ. ಮಳೆ ಬಿಡುವು ಕೊಟ್ಟಿದ್ದ ಆ ದಿನಗಳಲ್ಲಿ ಅಡುಗೆಮನೆಯ ಬಿಸಿ 27 ಡಿಗ್ರಿ ಇತ್ತು, ಹಿಟ್ಟು ಎರಡರಷ್ಟು ಉಬ್ಬಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು.

ಚಕ್ಕೆಯ ಪುಡಿಯನ್ನು ಹಿಟ್ಟಿಗೇ ಬೆರೆಸುವುದು ಸುಲಭವೆಂದು ತೋರುತ್ತದೆ, ಆದರೆ ಹಾಗೆ ಮಾಡಬಾರದು. ಚಕ್ಕೆಗೆ ಅದರ ವಾಸನೆಯನ್ನು ಕೊಡುವ ಸಿನಮಾಲ್ಡಿಹೈಡ್ ಎಂಬ ವಸ್ತುವೇ ಈಸ್ಟಿನ ಬೆಳವಣಿಗೆಯನ್ನು ತಗ್ಗಿಸುತ್ತದೆ. ಆದ್ದರಿಂದ ಒಂದೂವರೆ ಚಹಾ ಚಮಚ ಪುಡಿಯನ್ನು ಒಂದು ದೊಡ್ಡ ಚಮಚ ಮೈದಾದೊಂದಿಗೆ ಬೆರೆಸಿಟ್ಟುಕೊಂಡು, ಹಿಟ್ಟು ಉಬ್ಬಿದ ಮೇಲೆ ಸೇಬಿನ ಜೊತೆಗೆ ಉದುರಿಸುತ್ತೇನೆ. ಒಂದು ಏಲಕ್ಕಿಯನ್ನೂ ಕುಟ್ಟಿ ಹಾಕುವುದು ನನ್ನದೇ ಸೇರ್ಪಡೆ.

ಆಕಾರ ಕೊಡುವ ಕೆಲಸ ಇಡೀ ತಯಾರಿಯಲ್ಲಿ ಕೈಗೆ ಹೆಚ್ಚು ಸಂತೋಷ ಕೊಡುವ ಭಾಗ. ಉಬ್ಬಿದ ಹಿಟ್ಟನ್ನು ಕಲ್ಲಿನ ಕಟ್ಟೆಯ ಮೇಲೆ ಹಾಕಿ ಅರ್ಧ ಅಂಗುಲ ದಪ್ಪಕ್ಕೆ ತಟ್ಟಿ, ಅರ್ಧ ಭಾಗದ ಮೇಲೆ ಸೇಬನ್ನೂ ಚಕ್ಕೆಪುಡಿಯನ್ನೂ ಹರಡಿ, ಉಳಿದರ್ಧವನ್ನು ಅದರ ಮೇಲೆ ಮಡಚಬೇಕು. ಅನಂತರ ಶಂಕರಪೋಳಿ ಕತ್ತರಿಸುವಂತೆ ಚಾಕುವಿನಿಂದ ಮೊದಲು ಒಂದು ದಿಕ್ಕಿಗೆ, ಆಮೇಲೆ ಅಡ್ಡಲಾಗಿ ಕತ್ತರಿಸಿ, ಸಟ್ಟುಗದಿಂದ ಅಡಿಮೇಲು ಮಾಡಿ, ಮತ್ತೊಮ್ಮೆ ಕತ್ತರಿಸಬೇಕು. ಎಲ್ಲವೂ ಅಸ್ತವ್ಯಸ್ತವಾಗಿ, ಹಿಟ್ಟಿನ ತುಂಡುಗಳ ಕತ್ತರಿಸಿದ ಅಂಚುಗಳು ಸೇಬಿನ ರಸದಿಂದ ಹೊಳೆಯುತ್ತಿರುವಾಗ, ಒಂದೊಂದು ಗುಡ್ಡೆ 115 ಗ್ರಾಂ ತೂಗುವಂತೆ ಕೈಯಲ್ಲಿ ಒತ್ತಿ ಕೂಡಿಸಬೇಕು. ಉಂಡೆ ಕಟ್ಟುವಂತೆ ಬಿಗಿಯಾಗಿ ಒತ್ತಿದರೆ ಸಂದುಗಳು ಮುಚ್ಚಿಹೋಗಿ ಫ್ರಿಟರಿನ ಗುಣವೇ ಹೋಗುತ್ತದೆ. ಸಡಿಲ ಬಿಟ್ಟರೆ ಬೇಯುವಾಗ ಬಿಡಿಬಿಡಿಯಾಗುತ್ತದೆ. ಕೈಯಲ್ಲಿ ಎತ್ತಿದಾಗ ಬೀಳದಷ್ಟು, ಆದರೆ ಒಳಗಿನ ತುಂಡುಗಳು ಬೆರಳಿಗೆ ಬೇರೆಬೇರೆಯಾಗಿ ತಿಳಿಯುವಷ್ಟು ಒತ್ತಿದರೆ ಸರಿ.

ಎರಡನೆಯ ಭಾನುವಾರ ಇದನ್ನೆಲ್ಲ ಸರಿಯಾಗಿ ಮಾಡಿಯೂ ಸೋತದ್ದು ಹಸಿ ಸೇಬಿನಿಂದ. ಸಿಪ್ಪೆ ತೆಗೆದು ಒಂದು ಸೆಂಟಿಮೀಟರಿನ ಚೌಕಗಳಾಗಿ ಹೆಚ್ಚಿ ಹಾಗೆಯೇ ಹಾಕಿದ್ದೆ. ಕತ್ತರಿಸುವಾಗಲೇ ಕಟ್ಟೆಯ ಮೇಲೆ ರಸ ಹರಿಯತೊಡಗಿತ್ತು. ಬೆಂದ ಮೇಲೆ ಹೊರಗಿನಿಂದ ನೋಡಲು ಚೆನ್ನಾಗಿಯೇ ಇದ್ದ ಒಂದನ್ನು ಅಡ್ಡಲಾಗಿ ಕತ್ತರಿಸಿ ಕಿಟಕಿಯ ಬೆಳಕಿಗೆ ಹಿಡಿದೆವು. ಪ್ರತಿಯೊಂದು ಸೇಬಿನ ತುಂಡಿನ ಸುತ್ತ ಎರಡು ಮಿಲಿಮೀಟರ್ ಅಗಲದ, ಬೂದುಬಣ್ಣದ, ಗಂಜಿಯಂತೆ ಅಂಟುವ ಉಂಗುರವಿತ್ತು. ಅದರಾಚೆಗಷ್ಟೇ ಹಿಟ್ಟು ಬೆಂದು ಹೂವಿನಂತೆ ಅರಳಿತ್ತು. ತುಂಡನ್ನು ಎತ್ತಿದರೆ ಅದರ ಕೆಳಗಿನ ಗುಳಿಯಲ್ಲಿ ನೀರಿನ ಹನಿ ನಿಂತಿತ್ತು. ಅಮ್ಮ ಬೆರಳಿನಿಂದ ಆ ಉಂಗುರವನ್ನು ಒತ್ತಿ ನೋಡಿ, "ಸುತ್ತ ಎಲ್ಲ ಹಸಿ ಅದೆ ಕನ ಮಗ, ಹಣ್ಣು ನೀರು ಬುಟ್ಕಂಡದೆ" ಎಂದರು. ಸೇಬಿನ ತೂಕದಲ್ಲಿ ಸುಮಾರು ಶೇಕಡ 85ರಷ್ಟು ನೀರೇ. ಎಣ್ಣೆಯಲ್ಲಿ ಕರಿಯುವಾಗಲೂ ಈ ನೀರು ತೊಂದರೆ ಕೊಡುತ್ತದೆ, ಆದರೆ ಅಲ್ಲಿ ಬಿಸಿ ಎಲ್ಲ ಕಡೆಯಿಂದ ಒಮ್ಮೆಲೇ ನುಗ್ಗಿ ಹಿಟ್ಟು ಮೂರ್ನಾಲ್ಕು ನಿಮಿಷಗಳಲ್ಲಿ ಬೆಂದುಬಿಡುತ್ತದೆ. ಓವನ್ನಿನ ಗಾಳಿ ಅಷ್ಟೇ ಡಿಗ್ರಿ ಬಿಸಿಯಿದ್ದರೂ ಎಣ್ಣೆಗಿಂತ ಎಷ್ಟೋ ನಿಧಾನವಾಗಿ ಬಿಸಿಯನ್ನು ದಾಟಿಸುತ್ತದೆ. ಆ ನಿಧಾನದ ಇಪ್ಪತ್ತು ನಿಮಿಷಗಳಲ್ಲಿ ಸೇಬು ಮೆತ್ತಗಾಗುತ್ತ ತನ್ನ ನೀರನ್ನೆಲ್ಲ ಪಕ್ಕದ ಹಿಟ್ಟಿಗೆ ಸುರಿಯುತ್ತದೆ. ಎಣ್ಣೆಯನ್ನು ಬಿಟ್ಟದ್ದರಿಂದ ರುಚಿ ಕಡಿಮೆಯಾಗಬಹುದೆಂದು ನಾನು ಭಯಪಟ್ಟಿದ್ದೆ. ನಿಜವಾದ ಅಡ್ಡಿ ನೀರಿನದಾಗಿತ್ತು. ಅಲ್ಲಿಂದ ಮುಂದಿನ ಕೆಲಸವೆಲ್ಲ ಆ ನೀರಿನ ಲೆಕ್ಕವನ್ನು ಹಿಡಿಯುವ ಕೆಲಸವೇ ಆಯಿತು.

ಹಣ್ಣಿನ ಆಯ್ಕೆಯೂ ಅದೇ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಮಾರುಕಟ್ಟೆಗೆ ಬರುವ ಹಿಮಾಚಲ, ಕಾಶ್ಮೀರಗಳ ಕೆಂಪು ಸೇಬಿನಲ್ಲಿ ಹೆಚ್ಚಿನದು ಡೆಲಿಶಸ್ ಜಾತಿಯದು. ಅಮೆರಿಕದಿಂದ ಬಂದು ಇಲ್ಲೇ ನೆಲೆಸಿದ್ದ ಸತ್ಯಾನಂದ ಸ್ಟೋಕ್ಸ್ ಅವರು ಕಳೆದ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದಿಂದ ಅದರ ಸಸಿಗಳನ್ನು ತರಿಸಿ ಶಿಮ್ಲಾ ಬಳಿಯ ಕೋಟ್‌ಗಢದಲ್ಲಿ ನೆಟ್ಟದ್ದು ಹಿಮಾಚಲದ ಸೇಬಿನ ಬೇಸಾಯದ ದಿಕ್ಕನ್ನೇ ಬದಲಿಸಿತು. ಹಾಗೆ ನೋಡಿದರೆ ಅಮೆರಿಕದ ತಿಂಡಿಗೆ ನಾವು ಬಳಸುವುದೂ ಅಮೆರಿಕದಿಂದ ಬಂದ ತಳಿಯನ್ನೇ. ಹಾಗೆಯೇ ತಿನ್ನಲು ಅದು ಒಳ್ಳೆಯ ಹಣ್ಣು, ಬೇಯಿಸಲು ಅಷ್ಟು ಒಳ್ಳೆಯದಲ್ಲ. ಹುಳಿ ಕಡಿಮೆ, ಬೆಂದರೆ ಬೇಗ ಹಿಟ್ಟುಹಿಟ್ಟಾಗಿ ಕರಗುತ್ತದೆ. ಹೊರದೇಶದಿಂದ ಬರುವ ಹಸಿರು ಗ್ರಾನಿ ಸ್ಮಿತ್ ಹುಳಿಯಾಗಿದ್ದು ಬೆಂದರೂ ಆಕಾರ ಬಿಡುವುದಿಲ್ಲ, ಆದರೆ ಬೆಲೆ ಹೆಚ್ಚು. ಎರಡು ಕೆಂಪು ಹಣ್ಣಿಗೆ ಒಂದು ಹಸಿರು ಹಣ್ಣು ಎಂಬ ಲೆಕ್ಕದಲ್ಲಿ ಸೇರಿಸಿ, ನಿಂಬೆರಸ ಹಾಕುವುದು ನನ್ನ ಹೊಂದಾಣಿಕೆ. ಹುಳಿ ಇದ್ದಾಗ ಹಣ್ಣಿನ ಕಣಗಳನ್ನು ಬೆಸೆದಿರುವ ಪೆಕ್ಟಿನ್ ಬೇಗ ಸಡಿಲಗೊಳ್ಳುವುದಿಲ್ಲವಾದ್ದರಿಂದ ನಿಂಬೆ ಇಲ್ಲಿ ರುಚಿಗಷ್ಟೇ ಅಲ್ಲ, ತುಂಡು ಉಳಿಯುವುದಕ್ಕೂ ಬೇಕು. ಕೆಂಪು ಹಣ್ಣನ್ನು ಕೊಳ್ಳುವಾಗ ಹೊಳಪು ನೋಡದೆ ಹೆಬ್ಬೆರಳಿನಿಂದ ತೊಟ್ಟಿನ ಪಕ್ಕ ಒತ್ತಿ, ಕಲ್ಲಿನಂತೆ ಗಟ್ಟಿ ಇರುವುದನ್ನೇ ಆರಿಸಬೇಕು.

ಮೂರನೆಯ ಭಾನುವಾರ ಸೇಬನ್ನು ಮೊದಲೇ ಬೇಯಿಸಿದೆ. ಸಿಪ್ಪೆ, ಬೀಜ ತೆಗೆದು ಹೆಚ್ಚಿದ 400 ಗ್ರಾಂ ಸೇಬಿಗೆ 60 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ನಿಂಬೆರಸ, ಚಿಟಿಕೆ ಉಪ್ಪು ಬೆರೆಸಿ ಮುಕ್ಕಾಲು ಗಂಟೆ ಬಿಟ್ಟರೆ, ಸಕ್ಕರೆ ರಸವನ್ನು ಹೊರಗೆಳೆದು ಪಾತ್ರೆಯ ತಳದಲ್ಲಿ ಸುಮಾರು 70 ಗ್ರಾಂ ದ್ರವ ಸೇರಿತ್ತು. ಆ ರಸವನ್ನು ಮಾತ್ರ ಬಸಿದು, ಅಗಲವಾದ ಬಾಣಲೆಯಲ್ಲಿ ಜೇನಿನ ಹದಕ್ಕೆ ಬತ್ತಿಸಿ, ಅನಂತರ 15 ಗ್ರಾಂ ಬೆಣ್ಣೆಯನ್ನೂ ಸೇಬನ್ನೂ ಹಾಕಿ ದೊಡ್ಡ ಉರಿಯಲ್ಲಿ ಏಳು ನಿಮಿಷ ಕೈಯಾಡಿಸಿದೆ. ರಸವನ್ನು ಬೇರೆಯಾಗಿ ಬತ್ತಿಸುವುದೇ ಇಲ್ಲಿನ ಗುಟ್ಟು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ನೀರು ಆರುವಷ್ಟರಲ್ಲಿ ಸೇಬು ಗೊಜ್ಜಾಗಿರುತ್ತದೆ. ಒಲೆಯಿಂದ ಇಳಿಸಿ ತೂಗಿದಾಗ ಬಾಣಲೆಯಲ್ಲಿದ್ದದ್ದು 330 ಗ್ರಾಂ. ಹಾಕಿದ್ದೆಲ್ಲ ಸೇರಿ 490 ಗ್ರಾಂ ಇದ್ದದ್ದರಿಂದ 160 ಗ್ರಾಂ ನೀರು, ಎಂದರೆ ಒಂದು ಕಾಫಿ ಲೋಟದಷ್ಟು, ಹಿಟ್ಟಿಗೆ ಹೋಗದೆ ಆವಿಯಾಗಿ ಹೋಗಿತ್ತು. ಹಿಂದಿನ ವಾರ ಆ ಲೋಟವನ್ನು ನಾನು ನನ್ನ ಕೈಯಾರೆ ಹಿಟ್ಟಿಗೆ ಸುರಿದಿದ್ದೆ. ಬೆಂದ ಸೇಬನ್ನು ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಬೇಕು. ಬಿಸಿ ಇದ್ದರೆ ಹಿಟ್ಟಿನ ಬೆಣ್ಣೆ ಕರಗಿ ಕತ್ತರಿಸುವಾಗ ಎಲ್ಲ ಜಾರುತ್ತದೆ.

ಅಂದು ಕತ್ತರಿಸಿ ನೋಡಿದಾಗ ಅಂಟುವ ಉಂಗುರ ಇರಲಿಲ್ಲ. ಸೇಬಿನ ಅಂಚಿಗೂ ಹಿಟ್ಟಿಗೂ ನಡುವೆ ಸ್ವಚ್ಛವಾದ ಗೆರೆ ಕಾಣುತ್ತಿತ್ತು. ಆದರೆ ಹೊರಮೈ ಸೋತಿತ್ತು: ತಲೆಯ ಮೇಲೆ ಬಣ್ಣ ಬಂದರೂ ತಳ ಬಿಳಿಚಿಕೊಂಡು ಚರ್ಮದಂತೆ ಎಳೆಯುತ್ತಿತ್ತು. ತಳಕ್ಕೆ ಬಣ್ಣ ಬರಲೆಂದು ಇನ್ನೂ ಎಂಟು ನಿಮಿಷ ಬಿಟ್ಟದ್ದರಿಂದ ಒಳಗೂ ಒಣಗಿತು. ಹಿಟ್ಟಿನ ಮೇಲ್ಮೈ ಕಂದಾಗಿ ಘಮ ಬರಬೇಕಾದರೆ ಅಲ್ಲಿನ ನೀರು ಮೊದಲು ಆರಿ, ಬಿಸಿ ಸುಮಾರು 140 ಡಿಗ್ರಿ ದಾಟಬೇಕು. ನನ್ನ ತೆಳು ಅಲ್ಯೂಮಿನಿಯಂ ತಟ್ಟೆ ತಣ್ಣಗೆ ಒಳಗೆ ಹೋಗಿ, ನಿಧಾನವಾಗಿ ಕಾದು, ಅಷ್ಟರೊಳಗೆ ಒಳಗಿನದೆಲ್ಲ ಬೆಂದು ಮುಗಿಯುತ್ತಿತ್ತು.

ಉತ್ತರ ನಮ್ಮ ಒಲೆಯ ಮೇಲೆಯೇ ಇತ್ತು. ಹಿಡಿಯಿಲ್ಲದ, 26 ಸೆಂಟಿಮೀಟರ್ ಅಗಲದ, ಅಮ್ಮ ಮೂವತ್ತು ವರ್ಷ ದೋಸೆ ಹುಯ್ದು ಕನ್ನಡಿಯಂತೆ ಪಳಗಿಸಿದ ಬೀಡು ಕಬ್ಬಿಣದ ಕಾವಲಿ. ನಾಲ್ಕನೆಯ ಭಾನುವಾರ ಅದನ್ನು ಓವನ್ನಿನ ಕೆಳಗಿನ ಅಂತಸ್ತಿನಲ್ಲಿಟ್ಟು 225 ಡಿಗ್ರಿಯಲ್ಲಿ ನಲವತ್ತು ನಿಮಿಷ ಕಾಯಿಸಿದೆ. ಅಷ್ಟು ದಪ್ಪದ ಕಬ್ಬಿಣ ಕಾಯಲು ಹೊತ್ತು ಹಿಡಿಯುತ್ತದೆ, ಆದರೆ ಕಾದ ಮೇಲೆ ಹಿಟ್ಟು ಬಿದ್ದರೂ ತಣ್ಣಗಾಗುವುದಿಲ್ಲ. ಆ ಗುಣಕ್ಕಾಗಿಯೇ ಅಲ್ಲವೇ ನಾವು ದೋಸೆಗೆ ಅದನ್ನು ಬಳಸುವುದು. ಅದರ ಮೇಲೆ ಹಾಕಲು ಬೆಣ್ಣೆಯ ಬದಲು ತುಪ್ಪವನ್ನು ಆರಿಸಿಕೊಂಡೆ, ಏಕೆಂದರೆ ಬೆಣ್ಣೆಯಲ್ಲಿರುವ ಹಾಲಿನ ಅಂಶ ಅಷ್ಟು ಬಿಸಿಗೆ ಕರಿಕಾಗಿ ಕಹಿಯಾಗುತ್ತದೆ, ತುಪ್ಪದಲ್ಲಿ ಅದು ಮೊದಲೇ ಸೋಸಿಹೋಗಿರುತ್ತದೆ.

ಗುಡ್ಡೆಗಳನ್ನು ಆ ಬಿಸಿ ಕಾವಲಿಗೆ ಹೇಗೆ ದಾಟಿಸುವುದು ಎಂಬುದಕ್ಕೂ ಒಬ್ಬಟ್ಟಿನ ದಾರಿಯನ್ನೇ ಹಿಡಿದೆವು. ತುಪ್ಪ ಸವರಿದ ಬಾಳೆಎಲೆಯ ತುಂಡುಗಳ ಮೇಲೆ ಒಂದೊಂದು ಗುಡ್ಡೆಯನ್ನಿಟ್ಟು ಮೂವತ್ತೈದು ನಿಮಿಷ ಎರಡನೆಯ ಸಲ ಉಬ್ಬಲು ಬಿಡುವುದು; ಓವನ್ನಿನ ಜಾಲರಿಯನ್ನು ಅರ್ಧ ಹೊರಗೆಳೆದು, ಕಾವಲಿಯ ಮೇಲೆ ಎರಡು ಚಹಾ ಚಮಚ ತುಪ್ಪ ಹರಡಿ, ಎಲೆಯ ಸಮೇತ ಮಗುಚಿ, ಎಲೆಯನ್ನು ಮೆಲ್ಲಗೆ ಬಿಡಿಸಿಕೊಳ್ಳುವುದು. ಮಗುಚುವಾಗ ಸ್ವಲ್ಪ ಕುಗ್ಗುತ್ತದೆ, ಆದರೆ ಓವನ್ನಿನ ಬಿಸಿಗೆ ಮತ್ತೆ ಎದ್ದುಕೊಳ್ಳುತ್ತದೆ. ಕಾವಲಿಯನ್ನು ಮಾತ್ರ ಯಾವ ಕಾರಣಕ್ಕೂ ಹೊರಗೆತ್ತಬಾರದು. ಭಾರವೂ ಹೆಚ್ಚು, ಬಟ್ಟೆ ಜಾರಿದರೆ ಕೈ ಸುಡುವುದು ಖಂಡಿತ. ಒಂದು ಸಲಕ್ಕೆ ನಾಲ್ಕು ಹಿಡಿಯುತ್ತವೆ, ಉಳಿದ ನಾಲ್ಕನ್ನು ಅಷ್ಟು ಹೊತ್ತು ಫ್ರಿಜ್ಜಿನಲ್ಲಿಟ್ಟರೆ ಅತಿಯಾಗಿ ಉಬ್ಬುವುದಿಲ್ಲ. ಹಿಟ್ಟು ಕಾವಲಿಗೆ ತಾಗಿದಾಗ 'ಚೊಂಯ್' ಎಂಬ ಸದ್ದು ಬಂತು. ಮೂರು ವಾರದಿಂದ ಓವನ್ನಿನೊಳಗೆ ನನಗೆ ಕೇಳಿಸದೆ ಇದ್ದ ಸದ್ದು ಅದು.

ತಳ ಗಾಢ ಕಂದಾಗಿ ಗರಿಯಾಯಿತು. ತಲೆ ಮಾತ್ರ ಹಿಂದಿನಂತೆಯೇ ಮೆತ್ತಗಿತ್ತು. ಅಮ್ಮ ಓವನ್ನಿನ ಗಾಜಿನ ಮುಂದೆ ಸ್ಟೂಲು ಹಾಕಿಕೊಂಡು ಕೂತವರು, "ದೋಸೆ ಮಗುಚಿ ಹಾಕಲ್ವಾ, ಅಂಗೇ ಇದುನ್ನೂ ಮಗುಚಿದ್ರೆ ಏನಾದದು?" ಎಂದು ಕೇಳಿದರು. ಓವನ್ನಿನಲ್ಲಿ ಬೇಯುತ್ತಿರುವುದನ್ನು ಮುಟ್ಟಬಾರದೆಂಬ ಬ್ರೆಡ್ಡಿನ ನಿಯಮ ನನ್ನ ತಲೆಯಲ್ಲಿ ಕೂತಿದ್ದರಿಂದ ಅದು ನನಗೆ ಹೊಳೆದೇ ಇರಲಿಲ್ಲ. ಐದನೆಯ ಭಾನುವಾರ ಏಳನೆಯ ನಿಮಿಷಕ್ಕೆ ಜಾಲರಿ ಎಳೆದು, ಮೇಲ್ಮೈಗೆ ತುಪ್ಪ ಸವರಿ, ಸಟ್ಟುಗದಿಂದ ನಾಲ್ಕನ್ನೂ ತಿರುವಿ ಹಾಕಿದೆ. ಉಬ್ಬಿದ ಭಾಗಗಳಷ್ಟೇ ಕಬ್ಬಿಣಕ್ಕೆ ತಾಗಿ ಕಂದಾದವು, ತಗ್ಗುಗಳು ಹೊಂಬಣ್ಣದಲ್ಲಿ ಉಳಿದವು. ಡೋನಟ್ ಅಂಗಡಿಯ ಫ್ರಿಟರಿನ ಮೈ ಇದ್ದದ್ದೂ ಹಾಗೆಯೇ. ತಿರುವಿದ ಮೇಲೆ ಓವನ್ನನ್ನು 190 ಡಿಗ್ರಿಗೆ ಇಳಿಸಿ ಮತ್ತೆ ಹತ್ತು ನಿಮಿಷ. ಚುಚ್ಚುವ ಥರ್ಮಾಮೀಟರಿನಲ್ಲಿ ನಡುಭಾಗ 93 ಡಿಗ್ರಿ ತೋರಿಸಿದೊಡನೆ ಹೊರತೆಗೆಯಬೇಕು. ಹೊರಗೆ ಇಣುಕುವ ಸೇಬಿನ ತುಂಡುಗಳು ಕಾವಲಿಗೆ ನೇರವಾಗಿ ತಾಗಿದರೆ ಅವುಗಳ ಸಕ್ಕರೆ ಸುಟ್ಟು ಕಹಿಯಾಗುತ್ತದೆ, ಆದ್ದರಿಂದ ಗುಡ್ಡೆ ಮಾಡುವಾಗಲೇ ಅವನ್ನು ಬೆರಳಿನಿಂದ ಒಳಕ್ಕೆ ಒತ್ತಿರಬೇಕು.

ಲೇಪದಲ್ಲಿ ಎರಡು ಬಗೆ ಮಾಡಿದೆ. ಪುಡಿ ಸಕ್ಕರೆ 150 ಗ್ರಾಂಗೆ 30 ಮಿಲಿಲೀಟರ್ ಹಾಲು, ಚಿಟಿಕೆ ಉಪ್ಪು ಬೆರೆಸಿದ್ದು ಅಂಗಡಿಯದರಂತೆಯೇ ಬಂತು. ಫ್ರಿಟರ್ ಬಿಸಿಯಿರುವಾಗಲೇ ಸವರಿದರೆ ತೆಳುವಾಗಿ ಹರಿದು, ಆರಿದಾಗ ಗಾಜಿನಂತೆ ಬಿರುಕುಬಿಡುತ್ತದೆ. ಆದರೆ ಮಂಡ್ಯದ ಸೀಮೆಯಿಂದ ಬಂದವರ ಮನೆಯಲ್ಲಿ ಬೆಲ್ಲವನ್ನು ಪ್ರಯತ್ನಿಸದೆ ಬಿಡುವಂತಿರಲಿಲ್ಲ. ಅಮ್ಮನ ತವರು ವಿಶ್ವೇಶ್ವರಯ್ಯ ನಾಲೆಯ ನೀರಾವರಿಯ ಊರು. ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದವನ್ನು ಕಣ್ಣಳತೆಯಲ್ಲೇ ಹೇಳಬಲ್ಲವರು ಅವರು. ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಬಣ್ಣ ತೆಗೆಯಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿರುವ ಸಾಧ್ಯತೆ ಹೆಚ್ಚೆಂದು ಅವರು ಕಪ್ಪು ಅಚ್ಚುಬೆಲ್ಲವನ್ನೇ ತರಿಸುತ್ತಾರೆ. 150 ಗ್ರಾಂ ಬೆಲ್ಲವನ್ನು 60 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಮರಳು ಕಸ ಹೋಗುವಂತೆ ಬಟ್ಟೆಯಲ್ಲಿ ಸೋಸಿ, ಒಂದೆಳೆ ಪಾಕಕ್ಕೆ ತಂದು ಸವರಿದೆ. ಅದು ಆರಲೇ ಇಲ್ಲ. ಬೆಲ್ಲದಲ್ಲಿ ಸುಕ್ರೋಸ್ ಅಲ್ಲದೆ ಗ್ಲೂಕೋಸ್, ಫ್ರಕ್ಟೋಸ್‌ಗಳೂ ಸಾಕಷ್ಟು ಇರುವುದರಿಂದ ಅದು ಗಾಳಿಯ ತೇವವನ್ನು ಹೀರಿಕೊಂಡು ಅಂಟಂಟಾಗಿಯೇ ಉಳಿಯುತ್ತದೆ.

ಪಾಕವನ್ನು ಇನ್ನೂ ಸ್ವಲ್ಪ ಮುಂದಕ್ಕೆ, ನೀರಿನ ಬಟ್ಟಲಿಗೆ ಹಾಕಿದರೆ ಮೆತ್ತನೆಯ ಉಂಡೆಯಾಗುವ ಹದದ ಅಂಚಿಗೆ ಒಯ್ದು, ಇಳಿಸಿದ ಮೇಲೆ 15 ಗ್ರಾಂ ತುಪ್ಪ ಬೆರೆಸಿ ಸವರಿದಾಗ ನಿಂತಿತು. ಪಾಕಕ್ಕೆ ಥರ್ಮಾಮೀಟರ್ ಬಳಸುವವರು ಒಂದು ತಿದ್ದುಪಡಿ ಮಾಡಿಕೊಳ್ಳಬೇಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿ ದಾಟುವಷ್ಟರಲ್ಲೇ ಕುದಿಯುತ್ತದೆ, ಆದ್ದರಿಂದ ಅಡುಗೆ ಪುಸ್ತಕಗಳು ಹೇಳುವ ಪಾಕದ ಡಿಗ್ರಿಗಳಿಂದ ಎರಡೂವರೆಯಷ್ಟನ್ನು ಕಳೆಯಬೇಕು. ಪುಸ್ತಕದ 112 ಡಿಗ್ರಿ ನಮಗೆ 109ರ ಮೇಲೆಯೇ ಸಿಕ್ಕಿತು; ಅಮ್ಮ ಬೆರಳುಗಳ ನಡುವೆ ಪಾಕವನ್ನು ಎಳೆದು ನೋಡಿ "ಸಾಕು, ಇಳ್ಸು" ಎಂದದ್ದೂ ಅದೇ ಗಳಿಗೆಯಲ್ಲಿ. ಬೆಲ್ಲದ ಬಿಸಿ ಪಾಕಕ್ಕೆ ಹಾಲು ಹಾಕಲು ಮಾತ್ರ ಹೋಗಬಾರದು, ಒಡೆದುಹೋಗುತ್ತದೆ.

ತುಪ್ಪ, ಬೆಣ್ಣೆಗಳ ಲೆಕ್ಕವನ್ನೂ ಮುಚ್ಚಿಡದೆ ಹೇಳಬೇಕು. ಹಿಟ್ಟಿಗೆ 45 ಗ್ರಾಂ, ಸೇಬಿಗೆ 15, ಕಾವಲಿಗೂ ಮೈಗೂ ಸೇರಿ 32 ಗ್ರಾಂ. ಎಂಟರಲ್ಲಿ ಹಂಚಿದರೆ ಒಂದಕ್ಕೆ ಹನ್ನೊಂದೂವರೆ ಗ್ರಾಂ. ಬೆಲ್ಲದ ಲೇಪಕ್ಕೆ ಹಾಕುವ ತುಪ್ಪವನ್ನೂ ಸೇರಿಸಿದರೆ ಅದು ಹದಿಮೂರರ ಮೇಲೆ ಹೋಗುತ್ತದೆ. ಇದು ಪಥ್ಯದ ತಿಂಡಿಯಲ್ಲ, ಸಕ್ಕರೆಯೂ ಸಾಕಷ್ಟಿದೆ. ಆದರೆ ಅಮ್ಮ ಆ ಬೆಳಿಗ್ಗೆ ಒಂದನ್ನು ಪೂರ್ತಿ ತಿಂದರು, ಸಂಜೆ ಕಾಫಿಗೆ ಇನ್ನರ್ಧ ತಿಂದರು, ರಾತ್ರಿ ಎದೆಯುರಿ ಬರಲಿಲ್ಲ.

ಮಿಕ್ಕದ್ದನ್ನು ಇಡುವುದಾದರೆ ಲೇಪವಿಲ್ಲದೆ ಇಡುವುದು ಒಳ್ಳೆಯದು. ಲೇಪ ಹಾಕಿ ಡಬ್ಬಿಯಲ್ಲಿ ಮುಚ್ಚಿಟ್ಟವು ಬೆಳಗಾಗುವಷ್ಟರಲ್ಲಿ ಬೆವರಿ ಮೆತ್ತಗಾಗಿದ್ದವು. ಹಾಗೆಯೇ ಇಟ್ಟವನ್ನು ಮಾರನೆಯ ದಿನ ಒಲೆಯ ಮೇಲೆ ಕಾದ ಅದೇ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲಿಗೆ ಎರಡು ನಿಮಿಷ ಬಿಸಿಮಾಡಿ, ಮೇಲೆ ಪಾಕ ಸವರಿದಾಗ ಗರಿ ಮರಳಿ ಬಂತು. ದಸರೆಗೆ ಮನೆಗೆ ಬರುವವರಿಗಾಗಿ ಎರಡು ಪಾಲು ಮಾಡಬೇಕಾಗಿದೆ. ಅಷ್ಟರೊಳಗೆ ಓವನ್ನಿಗೆ ಹಿಡಿಸುವ ಇನ್ನೊಂದು ಕಾವಲಿಯನ್ನು ಹುಡುಕಿ, ಅಂಟದಂತೆ ಪಳಗಿಸಿಕೊಳ್ಳುವ ಕೆಲಸವನ್ನು ಅಮ್ಮ ಈಗಾಗಲೇ ತಮ್ಮ ಕೈಗೆ ತೆಗೆದುಕೊಂಡಿದ್ದಾರೆ.